ಬೈಂಟಾ ಆಡದ ಹನ್ನೆರಡು ನಿಮಿಷ

ಬೈಂಟಾಳನ್ನು ಅಂದು ಒಪ್ಪಿಸಿ ಬದಲಿ ಆಟಗಾರ್ತಿಯರ ಬೆಂಚಿನ ಮೇಲೆ ಕೂರಿಸಿದವಳು ನಾನೇ. ನಮ್ಮ ಫೆರೋ ದ್ವೀಪಗಳ ಮಹಿಳಾ ಫುಟ್‌ಬಾಲ್ ತಂಡದಲ್ಲಿ ನಾಲ್ವರು ಜ್ವರ ಬಂದು ಮಲಗಿದ್ದರು. "ಸುಮ್ನೆ ಲೆಕ್ಕಕ್ಕೆ ಕೂತಿರು ಕಣೇ. ನಿನ್ನನ್ನ ಇಳಿಸಲ್ಲ, ನಾನಿದ್ದೀನಲ್ಲ," ಎಂದಿದ್ದೆ. ಗೋಲ್‌ಕೀಪರಿಗೆ ಬಾಯಿ ದೊಡ್ಡದಿರಬೇಕು. ನನ್ನದು ಅಗತ್ಯಕ್ಕಿಂತ ದೊಡ್ಡದು.

ಇಳಿಯಬಾರದು ಎನ್ನಲು ಕಾರಣವಿತ್ತು. ಅವಳ ಅಪ್ಪ ಹೈನಿ ನಮ್ಮೂರು ಕ್ಲಾಕ್ಸ್‌ವೀಕಿನ ಮೀನುಗಾರ. ಅಮ್ಮ ಮರಿವಿಕ್ ಫಿಲಿಪ್ಪೀನ್ಸಿನವಳು, ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಮೀನಿನ ಮುಳ್ಳು ತೆಗೆಯುತ್ತಾಳೆ. ಹದಿನೈದು ದಿನದ ಹಿಂದೆ ಮನಿಲಾದಿಂದ ಪತ್ರ ಬಂದಿತ್ತು: ಅಮ್ಮನ ದೇಶದ ರಕ್ಷಣೆಯ ಸಾಲಿನಲ್ಲಿ ಆಡಲು ಬಾ, ಮುಂದಿನ ವರ್ಷ ವಿಶ್ವಕಪ್ಪಿದೆ, ಸೋಮವಾರದೊಳಗೆ ಉತ್ತರ ಕೊಡು. ಬೈಂಟಾಳಿಗೆ ಇಪ್ಪತ್ತೆರಡು; ಆ ವಯಸ್ಸಿನಲ್ಲಿ ಒಂದು ದೇಶಕ್ಕೆ ಆಡಿದ ಮೇಲೆ ಇನ್ನೊಂದಕ್ಕೆ ಆಡುವಂತಿಲ್ಲ. ನಮ್ಮ ಸೀನಿಯರ್ ತಂಡದ ಪರವಾಗಿ ಅರ್ಹತಾ ಪಂದ್ಯವೊಂದರಲ್ಲಿ ಒಂದೇ ನಿಮಿಷ ಗೆರೆ ದಾಟಿದರೂ ಆ ಬಾಗಿಲು ಮುಚ್ಚಿದಂತೆಯೇ.

ಹನ್ನೊಂದನೇ ವಯಸ್ಸಿನಿಂದ ಕ್ಲಬ್ಬಿನಲ್ಲಿ ನನ್ನ ಮುಂದೆ ನಿಂತು ಆಡಿದವಳು. "ಏ ಅನ್ನದ ಡಬ್ಬಿ" ಎಂದು ಅವಳ ಅಮ್ಮನ ದೇಶದ ಊಟ ಹಿಡಿದು ಛೇಡಿಸಿದ ಹುಡುಗನ ಕಾಲಿನಿಂದ ಚೆಂಡನ್ನು ಎಷ್ಟು ಚೊಕ್ಕವಾಗಿ ಕಿತ್ತಳೆಂದರೆ, ನೆಲಕ್ಕೆ ಬಿದ್ದವನಿಗೆ ದೂರು ಹೇಳಲೂ ಏನೂ ಉಳಿಯಲಿಲ್ಲ. ನಮ್ಮ ತಂಡಕ್ಕೆ ಅವಳು ಬೇಕಿತ್ತು. ನನಗೂ ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೆ ವಿಶ್ವಕಪ್ ಬಿಟ್ಟು ಇಲ್ಲಿ ನಮ್ಮ ಜೊತೆ ಎಂಟೆಂಟು ಗೋಲು ತಿನ್ನು ಎಂದು ಹೇಳಲು ಮುಖ ಬೇಕಲ್ಲ!

ಶನಿವಾರ ರಾಜಧಾನಿ ತೋರ್ಸ್‌ಹಾವ್ನ್‌ನಲ್ಲಿ ಅರ್ಹತಾ ಪಂದ್ಯ. ಎಪ್ಪತ್ತೆಂಟನೇ ನಿಮಿಷಕ್ಕೆ ನಾಲ್ಕು ಗೋಲು ತಿಂದಾಗಿತ್ತು. ನಮ್ಮ ರಕ್ಷಣೆಯ ರಾಗ್ನ್‌ಹಿಲ್ಡ್ ಕುಂಟತೊಡಗಿದಳು. ತಿರುಗಿ ನೋಡಿದರೆ ಬೈಂಟಾ ಜಾಕೆಟ್ ಬಿಚ್ಚಿ ಗೆರೆಯ ಬಳಿ ನಿಂತಿದ್ದಾಳೆ!

ಕೋಚ್ ಪ್ರೆಬೆನ್ ಡೆನ್ಮಾರ್ಕಿನಿಂದ ಬಂದು ತಿಂಗಳೂ ಆಗಿರಲಿಲ್ಲ. ಪತ್ರದ ವಿಷಯ ಬೇಕರಿಯವಳಿಗೆ ಗೊತ್ತು, ಪಾದ್ರಿಗೆ ಗೊತ್ತು. ಯಾರಾದರೂ ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡು, ಹೇಳಬೇಕಾದ ಆ ಒಬ್ಬನಿಗೆ ಯಾರೂ ಹೇಳಿರಲಿಲ್ಲ.

"ಪ್ರೆಬೆನ್! ಬೇಡ! ಅವಳು ಬೇಡ!" ಎಂದು ಕಿರುಚಿದೆ. ಗಾಳಿಗೆ ಅವನಿಗೇನು ಕೇಳಿಸಿತೋ, ಹೆಬ್ಬೆರಳೆತ್ತಿ ನಕ್ಕ.

ಚೆಂಡು ಹೊರಗೆ ಹೋದರೆ ಅವಳು ಒಳಗೆ. ನಮಗೆ ಉಳಿದಿದ್ದುದು ಒಂದೇ ಬದಲಾವಣೆ. ಅಷ್ಟರಲ್ಲಿ ಎದುರಾಳಿಗಳು ಒದ್ದ ಚೆಂಡು ನನ್ನತ್ತ ತೇಲಿ ಬಂತು. ಹಾರಿ ಹಿಡಿದೆ, ಇಳಿಯುವಾಗ ಮೊಣಕಾಲು ಹಿಡಿದುಕೊಂಡು ಉರುಳಿದೆ. ಹದಿನಾರು ವರ್ಷದ ಆಟದಲ್ಲಿ ಒಮ್ಮೆಯೂ ಸುಳ್ಳು ಸುಳ್ಳೇ ಬಿದ್ದವಳಲ್ಲ ನಾನು. ಹಾಗೆ ಬೀಳುವವರಿಗೆ ಛೀಮಾರಿ ಹಾಕುವವಳು. ಡಾಕ್ಟರು ಮುಟ್ಟಿದ್ದೇ ತಡ, "ಅಯ್ಯೋ, ಆಗಲ್ಲ!" ಎಂದೆ. ಕೊನೆಯ ಬದಲಾವಣೆ ಎರಡನೇ ಗೋಲ್‌ಕೀಪರಿಗೆ ಹೋಯಿತು. ರಾಗ್ನ್‌ಹಿಲ್ಡ್ ಕುಂಟುತ್ತಲೇ ಆಡಿದಳು. ಬೈಂಟಾ ಹೋಗಿ ಕೂತಳು.

ಡ್ರೆಸ್ಸಿಂಗ್ ರೂಮಿನಲ್ಲಿ ನಾವಿಬ್ಬರೇ ಉಳಿದಾಗ ಮೊಣಕಾಲನ್ನು ಮಡಚಿ ಬಿಡಿಸಿ ತೋರಿಸಿದೆ. "ನೋಡು, ಏನೂ ಆಗಿಲ್ಲ. ಹೋಗಿ ಉತ್ತರ ಬರಿ."

ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು. "ಬೇಕಂತಲೇ ಬಿದ್ಯಾ?"

"ಮತ್ತೇನು? ಆ ದಡ್ಡನಿಗೆ ವಿಷಯಾನೇ ಗೊತ್ತಿರ್ಲಿಲ್ಲ!"

"ನಂಗೆ ಗೊತ್ತಿತ್ತಲ್ಲ ಎಲ್ಸ್ಪಾ. ಆಡಲ್ಲ ಅಂತ ಒಂದು ಮಾತು ಹೇಳಿದ್ರೆ ಅವನೇನು ಎಳ್ಕೊಂಡು ಹೋಗ್ತಿದ್ನಾ?"

ಅದು ನನಗೆ ಹೊಳೆದೇ ಇರಲಿಲ್ಲ.

"ಹದಿನೈದು ದಿನದಿಂದ ಒಂದು ಕಡೆ ಕೂರೋಕಾಗ್ತಿಲ್ಲ ನಂಗೆ," ಎಂದಳು. ಈಗಲೂ ಬಾಗಿಲಿಗೂ ಗೋಡೆಗೂ ಓಡಾಡುತ್ತಲೇ ಇದ್ದಳು. "ಹೋಗ್ತೀನಿ ಅಂದ್ಕೊಂಡ್ರೆ ಇಲ್ಲಿಂದು ಎಳೆಯತ್ತೆ, ಇರ್ತೀನಿ ಅಂದ್ರೆ ಅಲ್ಲಿಂದು. ಅವನು ಕರೆದಾಗ ಎಲ್ಲಾ ನಿಂತೋಯ್ತು. ಎದ್ದು ಬಂದೆ, ನಿನ್ನ ಮುಂದೆ ನಿಂತು ಆಡೋಕೆ."

"ಸೋಮವಾರದವರೆಗೂ ಟೈಮ್ ಇದೆಯಲ್ಲೇ. ಬರಲ್ಲ ಅಂತ ಬರೆದುಬಿಡು."

"ಕೂತು ಬರೆಯೋಕಾಗಿದ್ರೆ ಯಾವತ್ತೋ ಬರೀತಿದ್ದೆ. ಇವತ್ತು ಉಳಿಯೋ ಧೈರ್ಯ ಇತ್ತು. ಈಗ ಇಲ್ಲ." ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಮಂಗಳವಾರ ಕಾರ್ಖಾನೆಯಲ್ಲಿ ಮರಿವಿಕ್‌ಳ ಕಣ್ಣು ಊದಿಕೊಂಡಿತ್ತು. "ಹೋಗ್ತಾಳಂತೆ. ನಿನ್ನೆ ಬರೆದ್ಲು," ಎಂದಳು. "ನಾನು ಬಿಟ್ಟು ಬಂದ ಕಡೆಗೇ ನನ್ನ ಮಗಳು ಹೋಗ್ತಾಳೆ, ನಾನು ಇಲ್ಲೇ ಇರ್ತೀನಿ. ಶನಿವಾರ ಅವಳು ಗೆರೆ ಹತ್ರ ನಿಂತಾಗ ಸದ್ಯ, ಉಳೀತಾಳೆ ಅಂತ ಅತ್ತುಬಿಟ್ಟೆ ಕಣೇ. ಅಷ್ಟೊತ್ತಿಗೆ ನೀನು ಬಿದ್ದೆ. ಪಾಪ, ನೀನೇನು ಮಾಡ್ತೀಯ."

ನಿಜ ಹೇಳಬೇಕು ಅನ್ನಿಸಿತು. ಮೀನಿನ ಪೆಟ್ಟಿಗೆ ಎತ್ತಲು ಬಗ್ಗಿದೆ.

"ಬಿಡು ಬಿಡು, ಆ ಕಾಲಲ್ಲಿ ಎತ್ತಬೇಡ," ಎಂದು ಮರಿವಿಕ್ ನನ್ನ ಕೈ ಸರಿಸಿದಳು. ಆ ವಾರವಿಡೀ ನನ್ನ ಪೆಟ್ಟಿಗೆಗಳನ್ನೆಲ್ಲ ಅವಳೇ ಎತ್ತಿದಳು. ನಾನು ಕುಂಟುತ್ತಲೇ ಇದ್ದೆ.