ತಿಪ್ಪೆಯ ಮೇಲಿನ ಕೂಸು

ಅಜ್ಜಿಯ ತಿಥಿ ಮುಗಿದ ಮಾರನೆಯ ದಿನವೇ ಅವ್ವ ನನ್ನನ್ನು ಕರೆದುಕೊಂಡು ಉಮ್ಮತ್ತೂರಿನಲ್ಲಿ ಬಸ್ಸು ಹತ್ತಿದಳು. ಗುಂಡ್ಲುಪೇಟೆಯಾಚೆ, ಕ್ರೈಸ್ತ ಸಿಸ್ಟರುಗಳು ಮುಚ್ಚಿ ಬಿಟ್ಟುಹೋದ ಹಳೇ ಮಠದ ಮುಂದೆ ಇಳಿಯುವಷ್ಟರಲ್ಲಿ ನನಗೊಬ್ಬಳು ಅಕ್ಕ ಇದ್ದಳೆಂದು ತಿಳಿದಿತ್ತು. ಇಷ್ಟು ವರ್ಷ ಅವ್ವ ಬಾಯಿಗೆ ಬೀಗ ಹಾಕಿಕೊಂಡಿದ್ದಳಲ್ಲ ಎಂದು ಮೈಯೆಲ್ಲ ಉರಿಯಿತು.

ಅವ್ವನ ಮೊದಲೆರಡು ಕೂಸುಗಳು ಉಳಿಯಲಿಲ್ಲ. ಮೂರನೆಯದನ್ನು ಉಳಿಸಿಕೊಳ್ಳಲು ನಮ್ಮ ಕಡೆ ಒಂದು ಶಾಸ್ತ್ರ: ಕೂಸನ್ನು ಪರರ ತಿಪ್ಪೆಯ ಮೇಲೆ ಮಲಗಿಸಬೇಕು, ಅವರು ಎತ್ತಿಕೊಂಡ ಮೇಲೆ ಒಂದು ಮೊರ ತೌಡು ಕೊಟ್ಟು ಕೊಂಡು ತರಬೇಕು. ಬೇಡವೆಂದು ಎಸೆದದ್ದನ್ನು ಸಾವೂ ಮುಟ್ಟುವುದಿಲ್ಲವಂತೆ. ಅಜ್ಜಿ ಆರಿಸಿದ್ದು ಸಿಸ್ಟರುಗಳ ತಿಪ್ಪೆ. ಕೂಸನ್ನು ಅಲ್ಲಿ ಮಲಗಿಸಿದ ಮಾರನೆಯ ದಿನ ಅವ್ವ ತೌಡು ಒಯ್ದಳು. ಕೇರಳದಿಂದ ಬಂದಿದ್ದ ಸಿಸ್ಟರು ಮಠದ ಹಸುವಿಗೆ ತಂದದ್ದೆಂದುಕೊಂಡು ಕೈಮುಗಿದು, ಬರಿ ಮೊರ ವಾಪಸು ಕೊಟ್ಟು ಗೇಟು ಹಾಕಿದರು. ಬಾಯಿಬಿಟ್ಟು ಕೇಳಿದರೆ ಶಾಸ್ತ್ರ ಕೆಡುತ್ತದೆಂದು ಅಜ್ಜಿ ಅವ್ವನ ರಟ್ಟೆ ಹಿಡಿದು ಎಳೆದುತಂದಳು. ಮತ್ತೆ ಆ ಕಡೆ ಹೋಗಗೊಡಲಿಲ್ಲ.

ಈಗ ಮಠ ಕಾಯುವವಳು ಹಿಂದೆ ಸಿಸ್ಟರುಗಳಿಗೂ ಅಲ್ಲಿರುತ್ತಿದ್ದ ಮಕ್ಕಳಿಗೂ ಅಡುಗೆ ಮಾಡುತ್ತಿದ್ದ ಚಿಕ್ಕನಿಂಗಮ್ಮ. ನಾವು ಯಾರೆಂದು ಕೇಳದೆಯೇ ಒಳಗೆಲ್ಲ ತೋರಿಸಿದಳು. ಪ್ರಾರ್ಥನೆಯ ಕೋಣೆಯಲ್ಲಿ ಪಾರಿವಾಳದ ಹಿಕ್ಕೆ ಬಿದ್ದಿತ್ತು.

"ಬೆಳಕರಿಯಕ್ಕೆ ಮುಂಚೆ ಗಂಟೆ ಬಾರ್ಸೋರು. ಸಿಸ್ಟರುಗಳು ಪದ ಯೋಳೋರು, ನಿದ್ದೆಗಣ್ಣಲ್ಲೇ ಮಕ್ಕಳೂ ಯೋಳೋವು. ಆಮೇಲೆ ಎಲ್ರೂ ಒಂದೇ ಸಾಲಲ್ಲಿ ಕೂತು ಗಂಜಿ ಕುಡಿಯೋದು."

ಅವ್ವನಿಗೆ ಇದಾವುದೂ ಬೇಕಿರಲಿಲ್ಲ. "ತಿಪ್ಪೆ ಮ್ಯಾಲೆ ಸಿಕ್ಕಿದ ಕೂಸೊಂದಿತ್ತಲ್ಲಕ್ಕ, ಬದುಕ್ತಾ?" ಎಂದಳು.

"ಬದುಕ್ದೆ ಏನು. ನಿನ್ ಮಗಳಿಗಿಂತ ಎತ್ತರ ಆದ್ಲು. ಮಠ ಮುಚ್ಚಿದಾಗ ಸಿಸ್ಟರುಗಳ ಜತೇಲೆ ಕೇರಳಕ್ಕೆ ಒಂಟೋದ್ಲು. ಯಾವೂರೋ ಕಾಣೆ."

ಶಾಸ್ತ್ರ ಫಲಿಸಿತ್ತು. ಅವ್ವನ ಮುಖದಲ್ಲಿ ಅಂಥ ನಗುವನ್ನು ನಾನು ಕಂಡಿರಲಿಲ್ಲ.

"ಅವ್ವನ್ನ ಕೇಳ್ತಿದ್ಲಾ?" ಎಂದು ಕೇಳಿದಳು.

"ಭಾನುವಾರ ಬ್ಯಾರೆ ಮಕ್ಕಳ ಅವ್ವದೀರು ಬರೋರು. ಇವಳು ಕಿಟಕಿ ತಾವ ನಿಂತ್ಕಳೋಳು. ದೊಡ್ಡೋಳಾದ್ಮ್ಯಾಲೆ ಅದ್ನೂ ಬುಟ್ಬುಟ್ಲು. ನಿಂಗಮ್ಮ, ಅವ್ವ ನನ್ನ ಬಾಗ್ಲಲ್ಲಾದ್ರೂ ಮಲಗಿಸ್ಬೋದಿತ್ತು, ತಿಪ್ಪೆ ಮ್ಯಾಲೆ ಯಾಕೆ ಎಸೆದ್ಲು ಅಂತ ಒಂದ್ಸಲ ಕೇಳಿದ್ಲು. ನಂಗೇನು ಗೊತ್ತು?"

ಅವ್ವ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿದಳು. ಕೇರಳದ ಕಡೆ ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು ನಿಲ್ಲಿಸಿದಳು. ನಾನು ಸೆರಗು ಹಿಡಿದು ಎಳೆದರೂ ಬಿಡದೆ ಹತ್ತಿಬಿಟ್ಟಳು, ನಾನೂ ಹಿಂದೆಯೇ ಹತ್ತಿದೆ.

"ಎಲ್ಲಿಗಮ್ಮ?" ಎಂದ ಕಂಡಕ್ಟರ್.

"ಬದುಕ್ಲಿ ಅಂತ ಮಲಗಿಸ್ದೆ ಕಣಪ್ಪ," ಎಂದಳು ಅವ್ವ.