ಅಳಿಸಬಾರದ ಚೌಕ

ಕಪ್ಪು ಹಲಗೆಯ ಎಡ ಮೂಲೆಯಲ್ಲಿ ಸೀಮೆಸುಣ್ಣದ ಎರಡು ಸಾಲು. ಮೇಲೆ ಒಂದು, ಸೊನ್ನೆ, ಮೈನಸ್ ಒಂದು. ಕೆಳಗೆ ಸೊನ್ನೆ, ಒಂದು, ಮೈನಸ್ ಒಂದು. ಯಾರದೋ ತೋಳು ತಗುಲಿ ಒಂದು ಸೊನ್ನೆಯ ಹೊಟ್ಟೆ ಮಸುಕಾಗಿತ್ತು. ಸಾಲುಗಳ ಸುತ್ತ ಒಂದು ಚೌಕ, ಅದರಡಿ ‘ಅಳಿಸಬೇಡಿ – ಹಾಲ್ಡೋರ್ಸನ್’ ಎಂಬ ಬರಹ. ಕಿಟಕಿಯ ಕೆಳಗೆ, ಬಿಸಿನೀರಿನ ಕೊಳವೆಯ ಮೇಲೆ ಒಂಟಿ ಕೈಗವಸೊಂದು ಒಣಗುತ್ತ ಮಲಗಿತ್ತು. ಹೊರಗೆ ವಿನಿಪೆಗ್ ಊರಿನ ಹಿಮ.

ಆ ಹಲಗೆಗೆ ಬೆನ್ನು ಮಾಡಿ ಕೂತಿದ್ದವನು ಕೊರ್ನಿ ಫ್ರೀಸನ್. ಲೀನಿಯರ್ ಆಲ್ಜೀಬ್ರಾದ ನೂರನಲವತ್ತು ಉತ್ತರಪತ್ರಿಕೆಗಳನ್ನು ಎರಡೇ ದಿನದಲ್ಲಿ ತಿದ್ದಿ ಮುಗಿಸಿದ್ದ ಸಂಶೋಧನಾ ವಿದ್ಯಾರ್ಥಿ. ಎದುರಿಗೆ ಲರಿಸಾ ಕೊಸ್ತಿಕ್. ಪಾಸಾಗಲು ಮೂವತ್ತು ಬೇಕು, ಅವಳಿಗೆ ಬಂದದ್ದು ಇಪ್ಪತ್ತೆಂಟು. ಕೋರ್ಸು ಬಿಡುವ ಅರ್ಜಿ ಅವಳ ಚೀಲದಲ್ಲಿತ್ತು; ಸಂಜೆ ಐದಕ್ಕೆ ಅದರ ಗಡುವು. ಬಿಟ್ಟರೆ ಒಂದು ವರ್ಷ ಹಿಂದೆ.

ಜಗಳವೆಲ್ಲ ನಾಲ್ಕನೆಯ ಪ್ರಶ್ನೆಯದು. ಕೂಡಿದರೆ ಸೊನ್ನೆಯಾಗುವ ಮೂರು ಮೂರು ಸಂಖ್ಯೆಗಳ ಗುಂಪುಗಳೆಲ್ಲ ಯಾವ ಎರಡು ಗುಂಪುಗಳಿಂದ ಹುಟ್ಟುತ್ತವೆ? ಅವಳು ಬರೆದದ್ದು: ಒಂದು, ಒಂದು, ಮೈನಸ್ ಎರಡು; ಮತ್ತು ಒಂದು, ಮೈನಸ್ ಒಂದು, ಸೊನ್ನೆ. ಅದರ ಮೇಲೆ ಉದ್ದನೆಯ ಕೆಂಪು ಗೀಟು.

“ಮೊನ್ನೆನೇ ಹೇಳಿದೆನಲ್ಲ. ಮಾದರಿ ಉತ್ತರಕ್ಕೆ ಹೊಂದಲ್ಲ,” ಎಂದು ಕೊರ್ನಿ ಹಸಿರು ಕಡತವನ್ನು ತಟ್ಟಿದ.

“ನನ್ನದು ಬಿಡಿ ಕೊರ್ನಿ. ಪರಿಚಯದವರೊಬ್ಬರು ಇದೇ ಪ್ರಶ್ನೆಗೆ ಬರೆದದ್ದು ಇಲ್ಲಿದೆ. ಇದಾದರೂ ಸರಿಯಾ ನೋಡಿ,” ಎಂದು ಲರಿಸಾ ಒಂದು ಚೀಟಿ ಮುಂದಿಟ್ಟಳು.

ಅವನು ಕಡತ ನೋಡಿದ, ಚೀಟಿ ನೋಡಿದ, ಸರಕ್ಕನೆ ಗೀಟೆಳೆದ. “ಇದೂ ತಪ್ಪು. ಯಾರಪ್ಪಾ ಈ ಮಹಾನುಭಾವ? ತರಗತಿಗೆ ಬರ್ತಾನೋ, ಇಲ್ವೋ?”

“ಒಂದು ದಿನಾನೂ ತಪ್ಪಿಸಿಲ್ಲ ಪಾಪ. ಮೂವತ್ತು ವರ್ಷದಿಂದ ಬರ್ತಿದ್ದಾರೆ.”

ಕೊರ್ನಿಯ ಪೆನ್ನು ಗಾಳಿಯಲ್ಲಿ ನಿಂತಿತು. ಅವಳ ಕಣ್ಣು ಹೋದ ಕಡೆಗೆ ಅವನು ನಿಧಾನವಾಗಿ ತಿರುಗಿದ. ಚೌಕ ಅಲ್ಲೇ ಇತ್ತು, ತನ್ನ ಮೇಷ್ಟರು ಹಾಲ್ಡೋರ್ಸನ್ನರ ಸಹಿಯೂ ಇತ್ತು; ಚೀಟಿಯಲ್ಲಿದ್ದದ್ದೂ ಅದೇ ಎರಡು ಸಾಲು. ಅವನು ಎರಡು ಸಾಲುಗಳನ್ನೂ ತುಟಿಯಲ್ಲೇ ಕೂಡಿದ. ಸೊನ್ನೆ. ಮತ್ತೆ ಸೊನ್ನೆ. ಆಮೇಲೆ ಅವಳ ಸಾಲುಗಳನ್ನು ಕೂಡಿದ. ಅವೂ ಸೊನ್ನೆ. ಮಾದರಿಯ ಜೋಡಿಯನ್ನು ಅವಳ ಜೋಡಿಯಿಂದಲೇ ಕಟ್ಟಿ ನೋಡಿದ, ತಕರಾರಿಲ್ಲದೆ ಬಂತು. ಒಂದೇ ಬಯಲಿಗೆ ಎಷ್ಟು ಜೋಡಿ ಬಾಗಿಲಾದರೂ ಇರಬಹುದು, ಇಂಥ ಪ್ರಶ್ನೆಗೆ ಸರಿಯುತ್ತರ ಒಂದೇ ಅಲ್ಲ ಎಂದು ಮೊದಲ ವಾರ ಪಾಠ ಹೇಳಿದವನೇ ಅವನು. ಕಿವಿ ಕೆಂಪಾಯಿತು.

“ಈ ಚೀಟಿ ಮೇಷ್ಟರಿಗೆ ತೋರಿಸ್ತೀಯಾ?”

“ನಾನ್ಯಾಕೆ ತೋರಿಸಲಿ? ಈ ಪ್ರಶ್ನೆಯ ಐದು ಅಂಕ ಕೊಟ್ಟರೆ ನಿಮ್ಮ ಹತ್ತಿರವೇ ಇರಲಿ.”

ಅವನು ಇಪ್ಪತ್ತೆಂಟನ್ನು ಹೊಡೆದು ಮೂವತ್ತಮೂರು ಬರೆದ. ಅವಳು ಅರ್ಜಿಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದಳು. ಕೊಳವೆಯ ಮೇಲಿನ ಕೈಗವಸನ್ನು ತೊಟ್ಟು, ಇನ್ನೊಂದನ್ನು ಜೇಬಿನಿಂದ ತೆಗೆದಳು.

“ಇನ್ನೂ ಎಷ್ಟು ಜನಕ್ಕೆ ಹೀಗೆ ಮಾಡಿಟ್ಟಿದ್ದೀನೋ,” ಎಂದು ಕೊರ್ನಿ ಗೊಣಗಿದ.

“ಹನ್ನೊಂದು. ಹೊರಗೆ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರದ್ದೂ ಬೇರೆ ಬೇರೆ ಜೋಡಿ, ಎಲ್ಲಾ ಸರಿ. ಕಡತ ಮಾತ್ರ ಮುಚ್ಚಿಡಿ ಕೊರ್ನಿ.”

ಅವಳ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.