ಗುಬ್ಬಿಯ ಕಾಲುನೋವು

ಕರ್ಪೂರದೆಣ್ಣೆಯ ವಾಸನೆ ಬಂದಾಗಲೆಲ್ಲ ಅಕ್ಕನಿಗೆ ಅಪ್ಪನ ಊದಿದ ಮೀನಖಂಡಗಳು ಕಣ್ಣಿಗೆ ಕಟ್ಟುತ್ತಿದ್ದವು. ದಿನವಿಡೀ ಬೀರು, ಮಂಚಗಳನ್ನು ಹೊತ್ತು ಮಹಡಿ ಹತ್ತಿಳಿಯುತ್ತಿದ್ದ ಅಪ್ಪ ಸಂಜೆ ಕಾಲು ಚಾಚಿ ಕೂರುತ್ತಿದ್ದ. ಅಮ್ಮ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಅವನು ಹಲ್ಲು ಕಚ್ಚಿ ನರಳುವುದನ್ನು ಕೇಳುತ್ತಲೇ ಬೆಳೆದ ಅಕ್ಕ ಮುಂದೆ ಓದಿ ಔಷಧದಂಗಡಿ ಸೇರಿದಳು. ಯಾರು ಅಯ್ಯೋ ಎಂದರೂ ಅವಳ ಕೈ ತಾನಾಗಿ ಗುಳಿಗೆಗಳ ಡ್ರಾಯರಿನತ್ತ ಹೋಗುತ್ತಿತ್ತು.

ಇವತ್ತು ಆ ವಾಸನೆ ಅಂಗಡಿಗೆ ಬಂದ ಕೋಚ್ ಮೇಡಂ ಚೀಲದಿಂದ ಬರುತ್ತಿತ್ತು. ಅಗ್ನಿಶಾಮಕ ದಳ ಸೇರುವ ಹುಡುಗಿಯರನ್ನು ತಯಾರು ಮಾಡುವವರು ಅವರು. ಅಕ್ಕನ ತಂಗಿ ಗುಬ್ಬಿಯೂ ಅವರ ಕೈಯಲ್ಲೇ ಪಳಗಿದವಳು. ನಿನ್ನೆಯ ಪರೀಕ್ಷೆಯಲ್ಲಿ, ನೀರಿನ ಪೈಪು ಹೊತ್ತು ಮೆಟ್ಟಿಲೇರುವಾಗ, ಕೊನೆಯ ಮಹಡಿಯಲ್ಲಿ ಗುಬ್ಬಿಯ ಕಾಲು ಸೋತಿತ್ತು. ಕೂದಲೆಳೆಯಷ್ಟರಲ್ಲಿ ಕೆಲಸ ತಪ್ಪಿತ್ತು.

“ಕ್ರೇಪ್ ಬ್ಯಾಂಡೇಜ್ ಕೊಡಿ,” ಎಂದ ಮೇಡಂ ದನಿ ತಗ್ಗಿಸಿದರು. “ಗುಬ್ಬಿ ಊಟ ಮಾಡಿದ್ಲಾ?”

“ಇಲ್ಲ ಮೇಡಂ. ಗೋಡೆ ಕಡೆ ತಿರುಗಿ ಮಲಗಿದ್ದಾಳೆ.”

“ಪಾಪ, ಮೈ ಮುರಿದು ದುಡಿದ್ಲು. ಮಿಕ್ಕವರೆಲ್ಲ ನೋವಿಗೆ ಏಡಿ ಥರ ಅಡ್ಡಡ್ಡ ನಡೀತಿದ್ರೆ ಇವಳು ಕುಣ್ಕೊಂಡು ಹೋಗೋಳು. ‘ಏನೇ, ಕಾಲು ಬಾಡಿಗೆಗೆ ತಂದಿದ್ದೀಯಾ?’ ಅಂತ ರೇಗಿಸ್ತಿದ್ದೆ. ಆದ್ರೆ ಆ ಕಾಲು ಯಾಕೋ ಗಟ್ಟಿಯಾಗ್ಲೇ ಇಲ್ಲ ನೋಡಿ.”

ಬ್ಯಾಂಡೇಜನ್ನು ಕಾಗದದಲ್ಲಿ ಸುತ್ತುತ್ತಿದ್ದ ಅಕ್ಕನ ಕೈ ನಿಂತಿತು. “ಮೇಡಂ, ವಿಟಮಿನ್ ಗುಳಿಗೆ... ಸಿ, ಇ... ಜಾಸ್ತಿ ತಗೊಂಡ್ರೆ?”

“ಅಯ್ಯೋ, ಅದನ್ನ ನಾನು ಮುಟ್ಟೋಕೂ ಬಿಡಲ್ಲ. ಓಡಿದ ಮೇಲೆ ಮೈಯೊಳಗೆ ಸ್ವಲ್ಪ ಊತ, ಉರಿ ಆಗ್ಬೇಕು. ಅದು ಆದ್ರೇನೇ ಮೈ ಎಚ್ಚೆತ್ತು ಗಟ್ಟಿಯಾಗೋದು. ಗುಳಿಗೆ ಹಾಕಿ ಆರಿಸಿಬಿಟ್ರೆ ಮೈಗೆ ಸುದ್ದಿಯೇ ಮುಟ್ಟಲ್ಲ ಅಂತಾರೆ.”

“ಖಂಡಿತವಾಗ್ಲೂ?”

“ಖಂಡಿತ ಅಂತ ಯಾರು ಹೇಳ್ತಾರೆ? ಒಬ್ಬೊಬ್ಬರ ಮೈ ಒಂದೊಂದು ಥರ.”

ಖಂಡಿತ ಎಂದಿದ್ದರೆ ಅಕ್ಕ ಅತ್ತು ಹಗುರಾಗುತ್ತಿದ್ದಳೇನೋ. ತರಬೇತಿಯ ಮೊದಲ ವಾರ ಗುಬ್ಬಿ ಮೆಟ್ಟಿಲ ಮೇಲೆ ಕೂತು ನರಳಿದಾಗ ತಾನೇ ಆ ಗುಳಿಗೆ ಕೊಡಲು ಹೋಗಿದ್ದಳು. “ಬೇಡಕ್ಕ, ಮೇಡಂ ಬೈತಾರೆ,” ಎಂದಿದ್ದಳು ಗುಬ್ಬಿ. ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಓರೆ ಮಾಡಿ ಗುಳಿಗೆ ಕುಟ್ಟಿದಳು, ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ಎಣ್ಣೆ ಹಿಂಡಿದಳು, ಎಲ್ಲವನ್ನೂ ಬಾಳೆಹಣ್ಣಿನ ಹಾಲಿಗೆ ಬೆರೆಸಿದಳು. ಗುಬ್ಬಿ ಲೋಟವನ್ನು ಬೆರಳಿನಿಂದ ಬಳಿದು ಚೀಪುತ್ತಿದ್ದಳು. “ನಿನ್ನ ಕೈಗುಣ ಅಕ್ಕ!”

ಸಂಜೆ ಮನೆಗೆ ಹೋದವಳು ಚಪ್ಪಲಿಯನ್ನೂ ಬಿಡದೆ ಎಲ್ಲ ಹೇಳಿದಳು. ಗುಬ್ಬಿ ಎದ್ದು ಕೂತಳು. ತನ್ನ ಕಾಲುಗಳನ್ನು ಒತ್ತಿ ನೋಡಿಕೊಂಡಳು.

“ಎಲ್ಲರೂ ನರಳ್ತಿದ್ರು, ನಂಗೆ ನೋವೇ ಇರ್ಲಿಲ್ಲ. ನಾನೇ ಗಟ್ಟಿಗಿತ್ತಿ ಅಂತ ಎಷ್ಟು ಬೀಗಿದ್ದೆ ಗೊತ್ತಾ?”

“ಗುಬ್ಬಿ, ಅದ್ರಿಂದ್ಲೇ ಅಂತ ಹೇಳೋಕಾಗಲ್ವಂತೆ...”

“ನನ್ನ ಕೇಳ್ಬೇಕಿತ್ತು ಅಕ್ಕ.”

ಆಮೇಲೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಣ್ಣತೊಡಗಿದರು. ಅಕ್ಕ ಬಾಳೆಹಣ್ಣು ತರುವುದನ್ನು ನಿಲ್ಲಿಸಿದಳು. ತನಗೆ ಬುತ್ತಿ ಕಟ್ಟಿಕೊಳ್ಳಲೂ ಮನಸ್ಸಾಗದೆ ಅಂಗಡಿಯಲ್ಲಿ ಬಿಸ್ಕತ್ತು ತಿಂದು ದಿನ ನೂಕಿದಳು. ಬೆಳಗಿನ ಜಾವ ಬಾಗಿಲು ಸದ್ದಾಗಿ ಗುಬ್ಬಿ ಹೊರಗೆ ಹೋಗುವುದು ಕೇಳುತ್ತಿತ್ತು. ಎಲ್ಲಿಗೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಬಳಿ ಯಾರೋ ಮುಲುಗಿದ ಸದ್ದು. ಅಕ್ಕ ತಲೆಯೆತ್ತಿದಳು. ಗುಬ್ಬಿ ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಮೈಯಿಂದ ಮೇಡಂ ಚೀಲದ ಅದೇ ಕರ್ಪೂರದೆಣ್ಣೆಯ ವಾಸನೆ. “ಅಯ್ಯಮ್ಮಾ,” ಎಂದಳು ಕೊನೆಯ ಮೆಟ್ಟಿಲಲ್ಲಿ.

ಅಕ್ಕನ ಕೈ ಡ್ರಾಯರಿನತ್ತ ಹೋಯಿತು. ಅರ್ಧದಲ್ಲೇ ನಿಂತಿತು.

ಹಾಗೆ ನಿಂತ ಕೈಯಲ್ಲಿ ಗುಬ್ಬಿ ಬಟ್ಟೆ ಸುತ್ತಿದ ಬುತ್ತಿಯ ಡಬ್ಬಿ ಇಟ್ಟಳು. ಇನ್ನೂ ಬಿಸಿಯಾಗಿತ್ತು.